ಹಳೇ ಗಾಡಿಗೆ ಹೊಸ ಹದ

ಬೆಂಗಳೂರಿನ ಪುರಭವನಕ್ಕೂ ಮಿನರ್ವ ವೃತ್ತಕ್ಕೂ ನಡುವಿನ ಜೆ.ಸಿ. ರಸ್ತೆ ಎಂದರೆ ನಾಟಕದವರಿಗೆ ರವೀಂದ್ರ ಕಲಾಕ್ಷೇತ್ರ, ಸಾಹಿತ್ಯದವರಿಗೆ ಕನ್ನಡ ಭವನ. ಕಾರು ಇಟ್ಟುಕೊಂಡವರಿಗೆ ಅದು ಬಿಡಿಭಾಗಗಳ ಬೀದಿ. ಅಂಗಡಿಗಳ ಮುಂದೆ ಸೀಟ್ ಕವರ್‌ಗಳು ತೂಗಾಡುತ್ತಿರುತ್ತವೆ. ಗೋಡೆಗೆ ಬಂಪರ್‌ಗಳು ಒರಗಿರುತ್ತವೆ, ಒಳಗೆ ಅಲಾಯ್ ಚಕ್ರಗಳು ಸಾಲುಗಟ್ಟಿರುತ್ತವೆ. ಗಾಡಿಯ ವೇಗ ಸ್ವಲ್ಪ ಇಳಿಸಿದರೆ ಸಾಕು, ‘ಏನ್ ಬೇಕು ಸಾರ್, ಸೀಟ್ ಕವರಾ, ಮ್ಯೂಸಿಕ್ ಸಿಸ್ಟಮ್ಮಾ?’ ಎಂದು ಹುಡುಗರು ಕಿಟಕಿಗೇ ಬರುತ್ತಾರೆ. ಹತ್ತು ವರ್ಷ ಹಳೆಯ ಕಾರನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು, ಕೈಯಲ್ಲಿ ಮೂವತ್ತೋ ನಲವತ್ತೋ ಸಾವಿರ ಹಿಡಿದು, ಅದನ್ನು ‘ಸ್ವಲ್ಪ ಚೆಂದ ಮಾಡಿಸೋಣ’ ಎಂದು ಬಂದವರ ದುಡ್ಡು ಈ ಬೀದಿಯಲ್ಲಿ ಒಂದೇ ಮಧ್ಯಾಹ್ನದಲ್ಲಿ ಕರಗುತ್ತದೆ. ಅವರು ಮನೆಗೆ ತರುವುದು ಕ್ರೋಮ್ ಪಟ್ಟಿ, ನೀಲಿ ದೀಪ, ಅಗಲದ ಚಕ್ರ, ಜೋರು ಹಾರ್ನ್. ಗಾಡಿ ಮಾತ್ರ ಹಂಪ್ಸ್ ದಾಟುವಾಗ ಮೊದಲಿನಂತೆಯೇ ಕಟಕಟ ಅನ್ನುತ್ತಿರುತ್ತದೆ.

ಅದೇ ದುಡ್ಡಿನಲ್ಲಿ ಅದೇ ಗಾಡಿಯನ್ನು ನಿಜವಾಗಿ ಚೆಂದ ಮಾಡಲು ಸಾಧ್ಯವಿದೆ. ಅದಕ್ಕೆ ಎರಡು ಮೆಟ್ಟಿಲು. ಮೊದಲು ಸವೆದದ್ದನ್ನೆಲ್ಲ ಹೊಸದು ಮಾಡುವುದು. ಆಮೇಲೆ, ಅದೇ ಗಾಡಿಯ ಟಾಪ್ ಮಾಡೆಲ್‌ಗೆ ಕಂಪನಿಯೇ ಕೊಟ್ಟಿದ್ದ ಭಾಗಗಳನ್ನು ಒಂದೊಂದಾಗಿ ಹುಡುಕಿ ನಮ್ಮ ಗಾಡಿಗೆ ಕೂರಿಸುವುದು. ಆಲ್ಟರೇಷನ್ ವಿಷಯದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಅಭಿರುಚಿಯ ದಾರಿಯನ್ನು ನಾನು ಕಂಡಿಲ್ಲ. ಆ ಭಾಗಗಳ ಬಣ್ಣ, ಬಾಗು, ಬೋಲ್ಟ್ ತೂತು ಎಲ್ಲವನ್ನೂ ಆ ಗಾಡಿಯನ್ನು ವಿನ್ಯಾಸ ಮಾಡಿದವರೇ ಕೂತು ತೀರ್ಮಾನಿಸಿರುತ್ತಾರೆ. ಅವು ಕೂತ ಮೇಲೆ ಹೊರಗಿನಿಂದ ಏನನ್ನೋ ತಂದು ಅಂಟಿಸಿದಂತೆ ಕಾಣುವುದಿಲ್ಲ, ಹುಟ್ಟಿನಿಂದಲೇ ಇದ್ದವೇನೋ ಅನ್ನಿಸುತ್ತದೆ.

ನಮ್ಮ ರಸ್ತೆಗಳಲ್ಲಿ ಹೇರಳವಾಗಿ ಕಾಣುವ ಒಂದು ಗಾಡಿಯನ್ನೇ ತೆಗೆದುಕೊಳ್ಳೋಣ: 2011ರ ಆಗಸ್ಟ್‌ನಲ್ಲಿ ಬಂದ ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್. ಅದರ ಕೆಳಗಿನ ಪೆಟ್ರೋಲ್ ಮಾಡೆಲ್ ಎಲ್‌ಎಕ್ಸ್‌ಐ, ಮೇಲಿನದು ಝಡ್‌ಎಕ್ಸ್‌ಐ. ಎರಡಕ್ಕೂ ಎಂಜಿನ್ ಒಂದೇ, 1.2 ಲೀಟರಿನ ಕೆ-ಸೀರೀಸ್. ಬಾಡಿ, ಗೇರ್‌ಬಾಕ್ಸ್ ಕೂಡ ಅವೇ. ವ್ಯತ್ಯಾಸವೆಲ್ಲ ಮೇಲಿಂದ ಸೇರಿಸಿದ ಸಾಮಾನಿನದು. ಝಡ್‌ಎಕ್ಸ್‌ಐಗೆ ಹದಿನೈದು ಇಂಚಿನ ಅಲಾಯ್ ಚಕ್ರ, ಮುಂದೆ ಮಂಜಿನ ದೀಪ, ಹಿಂದಿನ ಗಾಜಿಗೆ ವೈಪರ್ ಇದ್ದವು. ಇವನ್ನು ಎಲ್‌ಎಕ್ಸ್‌ಐಗೆ ಆಮೇಲೆ ಸೇರಿಸಬಹುದು. ಆದರೆ ಝಡ್‌ಎಕ್ಸ್‌ಐಗೆ ಎಬಿಎಸ್ ಮತ್ತು ಏರ್‌ಬ್ಯಾಗ್ ಕೂಡ ಇದ್ದವು, ಅವನ್ನು ಯಾವ ಅಂಗಡಿಯೂ ಆಮೇಲೆ ತಂದುಕೊಡಲಾರದು. ಸೆನ್ಸರ್, ಕಂಟ್ರೋಲ್ ಯೂನಿಟ್, ಬ್ರೇಕ್ ಪೈಪು, ವೈರಿಂಗ್ ಎಲ್ಲ ಬೇರೆ. ಹಾಗಾಗಿ ಗಾಡಿ ಇನ್ನೂ ಕೊಂಡಿಲ್ಲದವರು ಹಣ ಉಳಿಸಬೇಕಾದ್ದು ಇಲ್ಲೇ. ಒಂದು ವರ್ಷ ಹೊಸದಾದ ಕೆಳಗಿನ ಮಾಡೆಲ್‌ಗಿಂತ ಒಂದೆರಡು ವರ್ಷ ಹಳೆಯದಾದರೂ ಏರ್‌ಬ್ಯಾಗ್, ಎಬಿಎಸ್ ಇರುವ ಮೇಲಿನ ಮಾಡೆಲ್ ಕೊಳ್ಳುವುದು ಜಾಣತನ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ, ಚಾಲಕನ ಏರ್‌ಬ್ಯಾಗ್ ಅದೇ ವರ್ಷದ ಜುಲೈನಲ್ಲಿ. ಅದಕ್ಕೂ ಹಿಂದಿನ ಗಾಡಿ ನೋಡುವಾಗ ಬ್ಯಾಡ್ಜ್ ನಂಬದೆ ಒಳಗೆ ಕೂತು ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳನ್ನು ನೋಡಬೇಕು. ಕೀ ತಿರುವಿದಾಗ ಆ ದೀಪಗಳು ಹೊತ್ತಿ ಆರಬೇಕು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಷ್ಟೋ ಜನ ದುಡ್ಡು ಸುರಿದ ಮೇಲೆ ಇದನ್ನು ತಿಳಿದುಕೊಳ್ಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದಿರುವ ವಿವರ ಒಂದು, ಗಾಡಿ ಇನ್ನೊಂದು ಎಂಬಂತೆ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡೂ ಎಂಬ ಅಂಶ ಸೇರಿತು. ಎಂಜಿನ್ ಬದಲಾವಣೆ, ಬಣ್ಣ ಬದಲಾವಣೆ, ಸಿಎನ್‌ಜಿ ಕಿಟ್ ಇವಕ್ಕೆಲ್ಲ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ಬಹುಸ್ವರದ ಹಾರ್ನ್ ನಿಯಮಬಾಹಿರ. ಮುಂದಿನ ಬುಲ್‌ಬಾರ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಪಾದಚಾರಿಗೆ ಬಡಿದರೆ ಕಬ್ಬಿಣದ ಆ ಕೊಳವೆ ಕೊಲ್ಲುತ್ತದೆ. ಒಳಗಿನವರಿಗೂ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಡಿಕ್ಕಿಯ ಪೆಟ್ಟು ಏರ್‌ಬ್ಯಾಗ್ ಸೆನ್ಸರ್‌ಗೆ ತಲುಪಬೇಕಾದ ರೀತಿಯೇ ಕೆಡುತ್ತದೆ. ಗಾಜಿನ ಕಪ್ಪು ಫಿಲ್ಮ್ ವಿರುದ್ಧ 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ನಂತರ ನಿಯಮ ತಿದ್ದುಪಡಿಯಾಯಿತು, 2024ರಲ್ಲಿ ಕೇರಳ ಹೈಕೋರ್ಟ್ ಅದನ್ನು ಆಧರಿಸಿ ಫಿಲ್ಮ್‌ಗೆ ಅವಕಾಶವಿದೆ ಎಂದಿತು. ಇಷ್ಟೆಲ್ಲ ಆದರೂ ಮುಂದಿನ, ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಲೇಬೇಕೆಂಬ ಅಂಕಿ ಬದಲಾಗಿಲ್ಲ.

ಇಷ್ಟೆಲ್ಲ ಬೇಲಿಗಳ ನಡುವೆ ಏನು ಉಳಿಯಿತು ಎಂದು ಕೇಳಬಹುದು. ಬಹಳ ಉಳಿದಿದೆ. ಕಂಪನಿಯೇ ಅದೇ ಮಾಡೆಲ್‌ಗೆ ಕೊಟ್ಟ ಚಕ್ರ, ದೀಪ, ಸೀಟು, ಸ್ಪೀಕರ್ ಹಾಕಿಕೊಳ್ಳುವ ದಾರಿ ಈ ತಕರಾರುಗಳಿಂದ ಬಹುಮಟ್ಟಿಗೆ ದೂರ. ಇದೂ ಆ ದಾರಿಯ ಪರವಾದ ಒಂದು ವಾದವೇ.

ಇನ್ನು ಕೊಳ್ಳುವ ವಿಷಯ. ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ ‘ಸ್ವಿಫ್ಟ್‌ಗೆ ಒಂದು ಆಯಿಲ್ ಫಿಲ್ಟರ್ ಕೊಡಿ’ ಎಂದು ಕೇಳುವವನಿಗೂ ಪಾರ್ಟ್ ನಂಬರ್ ಬರೆದ ಚೀಟಿ ಕೊಡುವವನಿಗೂ ಸಿಗುವ ಸಾಮಾನು ಬೇರೆ, ಮರ್ಯಾದೆಯೂ ಬೇರೆ. ಮಾರುತಿಯ ಪಾರ್ಟ್ ನಂಬರನ್ನು ಓದಲು ಕಲಿಯುವುದು ಕಷ್ಟವಲ್ಲ. ಮೊದಲ ಐದು ಅಂಕೆ ಅದು ಯಾವ ಭಾಗ ಎನ್ನುವುದನ್ನು ಹೇಳುತ್ತವೆ. 16510 ಎಂದು ಶುರುವಾದರೆ ಅದು ಆಯಿಲ್ ಫಿಲ್ಟರ್, ಸುಜುಕಿಯ ಯಾವ ಗಾಡಿಯದಾದರೂ ಸರಿ. ನಡುವಿನ ಅಕ್ಷರ, ಅಂಕೆಗಳು ಆ ಭಾಗವನ್ನು ಯಾವ ಮಾಡೆಲ್‌ಗೆಂದು ಮೊದಲು ರೂಪಿಸಿದರು ಎಂಬುದರ ಗುರುತು. ಕೊನೆಯ ಅಂಕೆಗಳು ಪರಿಷ್ಕರಣೆಯವು. ಹಳೆಯ ನಂಬರ್ ನಿಂತುಹೋಗಿ ಅದರ ಜಾಗಕ್ಕೆ ಹೊಸ ನಂಬರ್ ಬಂದಿರುವುದು ಸಾಮಾನ್ಯ. ‘ಈ ಪಾರ್ಟ್ ಬರ್ತಾ ಇಲ್ಲ ಸಾರ್’ ಎಂಬ ಉತ್ತರ ಸಿಕ್ಕಾಗ ‘ಸೂಪರ್‌ಸೀಡ್ ಆಗಿರೋ ನಂಬರ್ ನೋಡಿ’ ಎಂದರೆ ಎಷ್ಟೋ ಸಲ ಕಪಾಟಿನಿಂದಲೇ ಡಬ್ಬಿ ಹೊರಬರುತ್ತದೆ. ಒಂದೇ ಭಾಗ ಎರಡು ಮೂರು ಮಾಡೆಲ್‌ಗೆ ಹೊಂದುತ್ತದೆ ಎಂಬುದೂ ಈ ನಂಬರಿನಿಂದಲೇ ತಿಳಿಯುವುದು.

ಕಂಪನಿಯ ಡಬ್ಬಿ, ಅಸಲಿ ತಯಾರಕರ ಡಬ್ಬಿ, ಲೋಕಲ್ ಡಬ್ಬಿ ಎಂದು ಸಾಮಾನಿನಲ್ಲಿ ಮೂರು ದರ್ಜೆ. ಕಾರು ಕಂಪನಿಗಳು ತಮ್ಮ ಗಾಡಿಯ ಎಲ್ಲ ಭಾಗಗಳನ್ನೂ ತಾವೇ ಮಾಡುವುದಿಲ್ಲ. ಏಸಿಯ ಭಾಗ ಸುಬ್ರೋಸ್‌ನದ್ದಿರಬಹುದು, ಹೆಡ್‌ಲೈಟ್ ಲ್ಯೂಮ್ಯಾಕ್ಸ್‌ನದ್ದು, ಶಾಕ್ ಅಬ್ಸಾರ್ಬರ್ ಗೇಬ್ರಿಯಲ್‌ನದ್ದು, ಸ್ಟೀರಿಂಗ್ ಭಾಗ ರಾಣೆಯದು. ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆ 1950ರ ದಶಕದಿಂದ ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ಮಾಡುತ್ತ ಬಂದದ್ದು ಈ ಊರಿನವರಿಗೆ ಗೊತ್ತು. 2008ರಲ್ಲಿ ಅದು ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಇಂಥ ತಯಾರಕರು ಕಾರು ಕಂಪನಿಗೆ ಕೊಡುವ ಮಾಲನ್ನೇ ಹಲವು ಬಾರಿ ತಮ್ಮದೇ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ. ಕಾರು ಕಂಪನಿಯ ಲೇಬಲ್ ಇಲ್ಲದ್ದರಿಂದ ಬೆಲೆ ಇಳಿಯುತ್ತದೆ. ಹಾಗಾಗಿ ಹಳೆಯ ಭಾಗವನ್ನು ಬಿಚ್ಚಿದ ಕೂಡಲೇ ಎಸೆಯದೆ ಒರೆಸಿ, ಅದರ ಮೈಮೇಲೆ ಅಚ್ಚೊತ್ತಿರುವ ತಯಾರಕರ ಗುರುತನ್ನು ಓದಿಕೊಂಡು ಅಂಗಡಿಗೆ ಹೋಗಬೇಕು. ಬಜೆಟ್ ಕಾಯುವ ದೊಡ್ಡ ಗುಟ್ಟು ಇದು.

ಇದರ ಇನ್ನೊಂದು ಮುಖವೂ ಇದೆ. ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ಸ್ವಿಫ್ಟ್, ರಿಟ್ಜ್‌ಗಳಲ್ಲೂ ಇತ್ತು, ಟಾಟಾದ ವಿಸ್ತಾದಲ್ಲೂ ಇತ್ತು, ಫಿಯಟ್‌ನ ಪುಂಟೋ, ಲೀನಿಯಾಗಳಲ್ಲಂತೂ ಇದ್ದೇ ಇತ್ತು. ರೆನೊ ಡಸ್ಟರ್ ಮತ್ತು ನಿಸಾನ್ ಟೆರಾನೊ, ಫೋಕ್ಸ್‌ವ್ಯಾಗನ್ ವೆಂಟೊ ಮತ್ತು ಸ್ಕೋಡಾ ರ‍್ಯಾಪಿಡ್, ಮಾರುತಿ ಬಲೆನೊ ಮತ್ತು ಟೊಯೊಟಾ ಗ್ಲಾಂಝಾ ಒಂದೇ ಮೈಯ ಗಾಡಿಗಳು. ಇಂಥ ಅಣ್ಣತಮ್ಮಂದಿರ ಗಾಡಿ ಇಟ್ಟುಕೊಂಡವರು ಎರಡೂ ಕಂಪನಿಯ ಬೆಲೆ ಕೇಳದೆ ಯಾವ ಭಾಗವನ್ನೂ ಕೊಳ್ಳಬಾರದು.

ನಕಲಿ ಮಾಲು ನಿಜವಾದ ಅಪಾಯ. ಫ್ಲೋರ್ ಮ್ಯಾಟ್ ನಕಲಿಯಾದರೆ ಬೇಗ ಹರಿಯುತ್ತದೆ, ಅಷ್ಟೇ. ಬ್ರೇಕ್ ಪ್ಯಾಡ್ ನಕಲಿಯಾದರೆ ಚಾರ್ಮಾಡಿ ಇಳಿಯುವಾಗ ಗೊತ್ತಾಗುತ್ತದೆ. ಡಬ್ಬಿಯ ಮೇಲಿನ ಮುದ್ರಣ ಮಸುಕಾಗಿದೆಯೇ, ಹೊಲೊಗ್ರಾಂ ಇದೆಯೇ, ಎಂಆರ್‌ಪಿ ಚೀಟಿಯಲ್ಲಿ ಪ್ಯಾಕ್ ಮಾಡಿದ ತಿಂಗಳು, ವರ್ಷ ಇವೆಯೇ ಎಂದು ನೋಡುವುದು ಒಂದು. ಆಯಿಲ್ ಫಿಲ್ಟರನ್ನು ತಿರುಗಿಸಿ ತೂತುಗಳ ಒಳಗೆ ನೋಡಿದರೆ ರಬ್ಬರಿನ ಕವಾಟ ಕಾಣಬೇಕು. ಎಂಜಿನ್ ಆಫ್ ಆದಾಗ ಫಿಲ್ಟರಿನ ಆಯಿಲ್ ಪೂರ್ತಿ ಹಿಂದಕ್ಕೆ ಸೋರದಂತೆ ತಡೆಯುವುದು ಅದು. ಬೆರಳಲ್ಲಿ ಒತ್ತಿದರೆ ಅದು ಮೆತ್ತಗಿರಬೇಕು, ಪ್ಲಾಸ್ಟಿಕ್ಕಿನಂತೆ ಬಿರುಸಾಗಿರಬಾರದು. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಜಿಎಸ್‌ಟಿ ಬಿಲ್. ‘ಬಿಲ್ ಇಲ್ಲದೆ ಆದರೆ ಇಷ್ಟು’ ಎನ್ನುವಲ್ಲಿ ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್‌ನ ಒಂದು ನಟ್ಟನ್ನೂ ಕೊಳ್ಳಬೇಡಿ. ಬಿಲ್ ಕೊಡುವ ಒಳ್ಳೆಯ ಅಂಗಡಿಯವರು ಎಂಆರ್‌ಪಿ ಮೇಲೆ ಸ್ವಲ್ಪ ಬಿಟ್ಟೇ ಕೊಡುತ್ತಾರೆ. ಕೇಳಬೇಕು.

ಗುಜರಿಯ ಮಾತು ಬೇರೆ. ಶಿವಾಜಿನಗರದ ಗುಜರಿ ಓಣಿಗಳಲ್ಲಿ ಬಾಗಿಲು, ಬಾನೆಟ್ಟು, ಗೇರ್‌ಬಾಕ್ಸು ರಾಶಿ ಬಿದ್ದಿರುವುದನ್ನು ನೋಡಿದರೆ ಹಳೇ ಗಾಡಿ ಪ್ರೀತಿಸುವವರ ಕಾಲು ಮುಂದಕ್ಕೆ ಹೋಗುವುದಿಲ್ಲ. ಕಂಪನಿ ನಿಲ್ಲಿಸಿಬಿಟ್ಟ ಝೆನ್‌ಗೋ ಎಸ್ಟೀಮ್‌ಗೋ ಒಂದು ಡೋರ್ ಹ್ಯಾಂಡಲ್, ಒಂದು ಗ್ಲೋವ್ ಬಾಕ್ಸ್ ಮುಚ್ಚಳ ಬೇಕಾದರೆ ಇಂಥ ಜಾಗಗಳೇ ಗತಿ. ಸೀಟು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಕನ್ನಡಿಯ ಕವಚ, ಪಾರ್ಸೆಲ್ ಟ್ರೇ, ಟಾಪ್ ಮಾಡೆಲ್‌ನ ಸ್ವಿಚ್ಚುಗಳನ್ನೆಲ್ಲ ಗುಜರಿಯಲ್ಲಿ ನೆಮ್ಮದಿಯಾಗಿ ಕೊಳ್ಳಬಹುದು. ಏರ್‌ಬ್ಯಾಗ್, ಸೀಟ್‌ಬೆಲ್ಟ್, ಬ್ರೇಕಿನ ಭಾಗ, ಸ್ಟೀರಿಂಗ್ ರಾಡ್ ಇವನ್ನು ಕೊಳ್ಳಬಾರದು. ಒಂದು ಅಪಘಾತ ಕಂಡ ಸೀಟ್‌ಬೆಲ್ಟ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಎರಡನೇ ಸಲ ಹಿಡಿಯುತ್ತದೆಂಬ ಭರವಸೆ ಇರುವುದಿಲ್ಲ. ಎಂಜಿನ್ ನಂಬರ್ ಇರುವ ಬ್ಲಾಕ್, ಚಾಸಿ ನಂಬರ್ ಇರುವ ತಗಡನ್ನಂತೂ ಕಾಗದಪತ್ರವಿಲ್ಲದೆ ಮುಟ್ಟಬಾರದು. ಕದ್ದ ಗಾಡಿಯ ಭಾಗವಾಗಿದ್ದರೆ ಕೊಂಡವನೂ ಠಾಣೆಯ ಮೆಟ್ಟಿಲು ಹತ್ತಬೇಕಾಗುತ್ತದೆ. 2021ರಲ್ಲಿ ಬಂದ ನಿಯಮದಂತೆ ನೋಂದಾಯಿತ ಗುಜರಿ ಕೇಂದ್ರಗಳು ಹುಟ್ಟಿಕೊಳ್ಳುತ್ತಿವೆ. ಅವು ಹೆಚ್ಚಿದಷ್ಟೂ ದಾಖಲೆಯುಳ್ಳ ಹಳೇ ಭಾಗ ಸಿಗುವುದು ಸುಲಭವಾಗಬೇಕು ಎಂಬುದು ನನ್ನ ಆಸೆ.

ಈಗ ಗಾಡಿಗೆ ಬರೋಣ. ಮೊದಲ ದುಡ್ಡು ಎಲ್ಲಿ ಹಾಕಬೇಕು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ, ಹೆಡ್‌ಲೈಟ್. ರಾತ್ರಿ ಹಾಸನ ದಾಟಿ ಸಕಲೇಶಪುರದ ಕಡೆ ಹೋದವರಿಗೆ ಇದಕ್ಕೆ ವಿವರಣೆ ಬೇಡ. ಬೆಳಕು ಸಾಲದು ಅನ್ನಿಸಿದಾಗ ನಮ್ಮವರು ಮಾಡುವ ಮೊದಲ ಕೆಲಸ 100/90 ವಾಟಿನ ಬಲ್ಬ್ ಹಾಕಿಸುವುದು, ಇಲ್ಲವೇ ಅಗ್ಗದ ಎಲ್‌ಇಡಿ ತುರುಕುವುದು. ಎರಡೂ ತಪ್ಪು. ಕಾಯಿಲೆ ಬೇರೆಲ್ಲೋ ಇರುತ್ತದೆ.

ಮಲ್ಟಿಮೀಟರ್ ಇರುವ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಈ ಒಂದು ಪರೀಕ್ಷೆ ಮಾಡಿಸಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹೊತ್ತಿರಲಿ. ಬ್ಯಾಟರಿಯ ಎರಡು ತುದಿಗೆ ಮೀಟರ್ ಕಡ್ಡಿ ಇಟ್ಟರೆ ಹದಿನಾಲ್ಕು ವೋಲ್ಟಿನ ಆಸುಪಾಸು ತೋರಿಸುತ್ತದೆ. ಆಮೇಲೆ ಬಾನೆಟ್ ಕೆಳಗೆ ಕೈ ಹಾಕಿ, ಹೊತ್ತಿರುವ ಬಲ್ಬಿನ ಹಿಂದಿನ ಕಪ್ಲರಿನಲ್ಲೇ ಅದೇ ಕಡ್ಡಿಗಳನ್ನು ತಾಗಿಸಿ. ಹಳೇ ಗಾಡಿಯಲ್ಲಿ ಒಂದು, ಒಂದೂವರೆ ವೋಲ್ಟ್ ದಾರಿಯಲ್ಲೇ ಮಾಯವಾಗಿರುವುದನ್ನು ಮೀಟರ್ ತೋರಿಸುತ್ತದೆ. ಸಣ್ಣ ತಂತಿ, ಕಿಲುಬು ಹಿಡಿದ ಅರ್ಥ್, ಸ್ಟೀರಿಂಗ್ ಪಕ್ಕದ ಸವೆದ ಸ್ವಿಚ್ಚು ಅದನ್ನು ನುಂಗಿರುತ್ತವೆ. ಅಷ್ಟೇ ತಾನೇ ಅನ್ನಿಸಬಹುದು. ಆದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ಸಮಸಮವಾಗಿ ಇಳಿಯುವುದಿಲ್ಲ. ವೋಲ್ಟೇಜ್ ಶೇ 10 ಇಳಿದರೆ ಬೆಳಕು ಸುಮಾರು ಶೇ 30 ಇಳಿಯುತ್ತದೆ. ಅಂದರೆ ಗಾಡಿಯ ಜೊತೆ ಬಂದ 60/55 ವಾಟಿನ ಬಲ್ಬ್ ತನ್ನ ಶಕ್ತಿಯ ಮೂರನೇ ಎರಡು ಭಾಗದಷ್ಟೇ ಉರಿಯುತ್ತಿದೆ.

ಇದಕ್ಕೆ ಮದ್ದು ರಿಲೇ ವೈರಿಂಗ್. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ತಂತಿಯಲ್ಲಿ ನೇರವಾಗಿ ಬಲ್ಬಿಗೆ ಕರೆಂಟು, ಹಳೆಯ ಸ್ವಿಚ್ಚಿನ ಕೆಲಸ ರಿಲೇಗೆ ಸನ್ನೆ ಕೊಡುವುದು ಮಾತ್ರ. ಸೆರಾಮಿಕ್ ಹೋಲ್ಡರ್ ಸಮೇತ ತಯಾರಾದ ಸೆಟ್ ಒಂದೆರಡು ಸಾವಿರದೊಳಗೆ ಸಿಗುತ್ತದೆ, ಕಂಪನಿ ತಂತಿಯನ್ನು ಎಲ್ಲೂ ಕತ್ತರಿಸಬೇಕಿಲ್ಲ. ಅದರ ಜೊತೆಗೆ ಒಳ್ಳೆಯ ಕಂಪನಿಯ ಮಾಮೂಲಿ 60/55 ಬಲ್ಬ್ ಜೋಡಿ ಸಾಕು. ರಿಲೇ ಇಲ್ಲದೆ 100 ವಾಟಿನ ಜೋಡಿ ಹಾಕಿದರೆ ಹತ್ತು ಆಂಪಿಯರ್ ಹರಿಯಬೇಕಾದ ತಂತಿಯಲ್ಲಿ ಹದಿನಾರು ಹದಿನೇಳು ಹರಿಯುತ್ತದೆ. ಕಪ್ಲರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟುಹೋಗುತ್ತದೆ. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರಿಗೆ ಅಗ್ಗದ ಎಲ್‌ಇಡಿ ಹಾಕಿದರೆ ಬೆಳಕಿನ ಬಿಂದು ಸರಿಯಾದ ಜಾಗದಲ್ಲಿ ಕೂರದೆ ಎದುರಿನವರ ಕಣ್ಣಿಗೆ ಚೆಲ್ಲುತ್ತದೆ. ನೀಲಿ ಮಿಶ್ರಿತ ಬಿಳಿ ಬೆಳಕಂತೂ ಮಲೆನಾಡಿನ ಮಳೆ, ಮಂಜಿನಲ್ಲಿ ಬಿಳಿ ಗೋಡೆಯಂತೆ ಮುಂದೆ ನಿಂತುಬಿಡುತ್ತದೆ.

ಹೊರಗಿನ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಹೊಸ ಹೆಡ್‌ಲೈಟ್ ಕೊಳ್ಳುವ ಮುನ್ನ ನೀರುಕಾಗದದಿಂದ ಉಜ್ಜಿ ನೋಡಿ. 800ರ ಕಾಗದದಿಂದ ಶುರುಮಾಡಿ 1500, 2000, 3000 ಎಂದು ನಯವಾಗುತ್ತ ಹೋಗಿ ಕೊನೆಗೆ ಪಾಲಿಷ್. ಉಜ್ಜುತ್ತಿರುವಾಗ ಹಳದಿ ಹಾಲು ಇಳಿಯುತ್ತದೆ. ಅದು ಬಿಸಿಲಿಗೆ ಸತ್ತ ಕೋಟಿಂಗ್. ನೀರು ಬೆಳ್ಳಗೆ ಬರುವವರೆಗೆ ಬಿಡಬಾರದು. ಇಷ್ಟಕ್ಕೇ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿ. ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಸಿದರೆ ಮಾತ್ರ ಕೆಲಸ ಪೂರ್ತಿ. ಗಾಡಿಯ ಮುಖ ಐದು ವರ್ಷ ಚಿಕ್ಕದಾದಂತೆ ಕಾಣುವುದು ಇದರಿಂದ, ಯಾವ ಕ್ರೋಮ್ ಪಟ್ಟಿಯಿಂದಲೂ ಅಲ್ಲ.

ಚಕ್ರದ ವಿಷಯದಲ್ಲಿ ನಮ್ಮ ಹುಡುಗರ ಆಸೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಗಾಡಿಯ ನಿಲುವನ್ನೇ ಬದಲಿಸುವ ಶಕ್ತಿ ಚಕ್ರಕ್ಕಿದೆ. ಆದರೆ ಇಲ್ಲಿ ಲೆಕ್ಕ ಬೇಕು. ಎಲ್‌ಎಕ್ಸ್‌ಐನ ಟೈರ್ 165/80 ಆರ್14. ಟೈರಿನ ಅಗಲ 165 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ 80, ಒಳಗಿನ ರಿಮ್ 14 ಇಂಚು. ಗೋಡೆಯ ಎತ್ತರವನ್ನು ಎರಡು ಮಾಡಿ ರಿಮ್ ಸೇರಿಸಿದರೆ ಒಟ್ಟು ವ್ಯಾಸ 619.6 ಮಿ.ಮೀ. ಝಡ್‌ಎಕ್ಸ್‌ಐನ 185/65 ಆರ್15ರ ವ್ಯಾಸ 621.5. ಎರಡರ ನಡುವೆ ಎರಡು ಮಿಲಿಮೀಟರ್ ಕೂಡ ವ್ಯತ್ಯಾಸವಿಲ್ಲ. ಇದು ಆಕಸ್ಮಿಕವಲ್ಲ. ವ್ಯಾಸ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ, ಪಿಕಪ್ ಕೆಡುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ ಎಂಬ ಕಾರಣಕ್ಕೆ ಕಂಪನಿಯವರು ಹಾಗೆ ಲೆಕ್ಕ ಹಾಕಿರುತ್ತಾರೆ. ನೋಡಲು ಚೆಂದವೆಂದು 205/65 ಆರ್15 ಹಾಕಿಸಿದರೆ ವ್ಯಾಸ 647 ದಾಟುತ್ತದೆ, ಮೂಲದ್ದಕ್ಕಿಂತ ಶೇ 4.5 ಹೆಚ್ಚು. ಶೇ 3ರ ಒಳಗಿರಲಿ ಎಂಬುದು ಟೈರಿನವರ ರೂಢಿ. ನನ್ನ ಪ್ರಕಾರ ಒಂದರ ಆಚೆ ಹೋಗುವ ಅಗತ್ಯವೇ ಇಲ್ಲ.

ಆ ಝಡ್‌ಎಕ್ಸ್‌ಐ ಅಲಾಯ್ ಸೆಟ್ ಹೊಸದಾಗಿ ಕೊಳ್ಳುವುದು ದುಬಾರಿ. ಆದರೆ ಟಾಪ್ ಮಾಡೆಲ್ ಕೊಂಡವರಲ್ಲೇ ಒಂದಿಷ್ಟು ಜನ ಇನ್ನೂ ದೊಡ್ಡ ಚಕ್ರದ ಆಸೆಗೆ ಬಿದ್ದು ಕಂಪನಿ ಚಕ್ರಗಳನ್ನು ಟೈರ್ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ಊರಿನ ಎರಡು ಮೂರು ದೊಡ್ಡ ಟೈರ್ ಅಂಗಡಿಗಳಲ್ಲಿ ‘ಸ್ವಿಫ್ಟಿನ ಕಂಪನಿ ಅಲಾಯ್ ಬಂದರೆ ಹೇಳಿ’ ಎಂದು ಫೋನ್ ನಂಬರ್ ಕೊಟ್ಟು ಕಾಯುವ ತಾಳ್ಮೆ ಇದ್ದರೆ ಒಳ್ಳೆಯ ಸೆಟ್ ಸಿಗುತ್ತದೆ. ಸಿಕ್ಕಾಗ ದುಡ್ಡು ಕೊಡುವ ಮುನ್ನ ನಾಲ್ಕನ್ನೂ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ ಖಾಲಿ ತಿರುಗಿಸಲು ಹೇಳಿ. ಅಂಚಿನ ಪಕ್ಕ ಒಂದು ಪೆನ್ನು ಹಿಡಿದು ನೋಡಿದರೆ ಸಾಕು. ಅಂಚಿಗೂ ಪೆನ್ನಿಗೂ ನಡುವಿನ ಸಂದಿ ಒಂದೇ ಸಮನಿದ್ದರೆ ಚಕ್ರ ನೆಟ್ಟಗಿದೆ, ಸಂದಿ ಅಗಲವಾಗಿ ಕಿರಿದಾಗುತ್ತಿದ್ದರೆ ಯಾವುದೋ ಗುಂಡಿಗೆ ಬಿದ್ದು ಬಾಗಿದೆ. ಒಳಮೈಯನ್ನು ಟಾರ್ಚ್ ಹಾಕಿ ನೋಡಿ. ವೆಲ್ಡಿಂಗ್ ಗುರುತು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಬೇರೆ ಗಾಡಿಯ ಚಕ್ರವಾದರೆ ಬೋಲ್ಟ್ ವೃತ್ತವನ್ನು ಅಳೆಯದೆ ಮುಂದುವರಿಯಬೇಡಿ. ಮಾರುತಿ ಗಾಡಿಗಳಲ್ಲೇ ನಾಲ್ಕು ಬೋಲ್ಟಿನ ವೃತ್ತ 100 ಮಿ.ಮೀ. ಇರುವವೂ ಇವೆ, 114.3 ಇರುವವೂ ಇವೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ ಕೂರಿಸ್ತೀವಿ’ ಎನ್ನುವ ಮಾತು ಚಕ್ರಕ್ಕೆ ಸಲ್ಲುವುದಿಲ್ಲ.

ಟೈರನ್ನು ಮಾತ್ರ ಹೊಸದೇ ಕೊಳ್ಳಿ. ಪಕ್ಕದ ಗೋಡೆಯಲ್ಲಿ ಒಂದು ಉದ್ದುರುಟು ಚೌಕಟ್ಟಿನೊಳಗೆ ನಾಲ್ಕು ಅಂಕೆ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ಆದ ಟೈರ್. ‘ಹೊಸ ಸ್ಟಾಕ್’ ಎಂಬ ಮಾತಿಗಿಂತ ಈ ಅಂಕೆ ನಂಬಿಕಸ್ಥ. ಐಎಸ್‌ಐ ಗುರುತು ಇರಲೇಬೇಕು.

ಗಾಡಿಯನ್ನು ತಗ್ಗಿಸಲು ಸ್ಪ್ರಿಂಗ್ ಕತ್ತರಿಸುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬಾರದು. ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ, ಉಳಿದ ಸ್ಪ್ರಿಂಗ್ ಗಡುಸಾಗುತ್ತದೆ, ಶಾಕ್ ಅಬ್ಸಾರ್ಬರ್‌ಗೆ ಓಡಾಡಲು ಜಾಗವೇ ಉಳಿಯುವುದಿಲ್ಲ. ರಸ್ತೆ ಉಬ್ಬಿಗೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳಿದ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ನಮ್ಮ ಬಡಾವಣೆಗಳ ಹಂಪ್ಸ್‌ನಲ್ಲಿ ಆ ಅಳತೆಯದು ಹುಡುಕಿದರೂ ಸಿಗದು. ಈ ಸ್ವಿಫ್ಟಿನ ತಳ ನೆಲದಿಂದ 17 ಸೆಂ.ಮೀ. ಮೇಲಿದೆ. ನಾಲ್ಕು ಜನ ಕೂತಾಗ ಅದೂ ಕಡಿಮೆಯಾಗುತ್ತದೆ. ಸ್ಪ್ರಿಂಗ್ ಕತ್ತರಿಸುವ ಬದಲು ಹಳೆಯ ಬುಷ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್‌ಗಳನ್ನು ಬದಲಿಸಿ, ಶಾಕ್ ಅಬ್ಸಾರ್ಬರನ್ನು ಮುಂದಿನ ಜೋಡಿ, ಹಿಂದಿನ ಜೋಡಿ ಎಂದು ಜೋಡಿಯಾಗಿಯೇ ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ. ಮಾರ್ಕೆಟ್ಟಿನ ಯಾವ ಆಲಂಕಾರಿಕ ವಸ್ತುವೂ ಕೊಡದ ಖುಷಿ ಮೊದಲ ತಿರುವಿನಲ್ಲೇ ಸಿಗುತ್ತದೆ. ಕೆ-1000 ರ‍್ಯಾಲಿಯಂಥ ಸ್ಪರ್ಧೆಗೆ ಗಾಡಿ ಕಟ್ಟುವವರ ಗ್ಯಾರೇಜಿನಲ್ಲಿ ನಿಂತು ಕೇಳಿದರೂ ಮಾತು ಶುರುವಾಗುವುದು ಬ್ರೇಕ್, ಸಸ್ಪೆನ್ಷನ್, ಟೈರಿನಿಂದಲೇ.

ಪವರ್ ಹೆಚ್ಚಿಸುವ ಆಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ತೆರೆದ ಏರ್ ಫಿಲ್ಟರ್, ದಪ್ಪ ಸೈಲೆನ್ಸರ್ ಹಾಕಿದರೆ ಸದ್ದು ಹೆಚ್ಚುತ್ತದೆ, ಓಟ ಹೆಚ್ಚುವುದಿಲ್ಲ. ಪ್ಲಗ್, ಕಾಯಿಲ್, ಕಂಪನಿಯ ಏರ್ ಫಿಲ್ಟರ್, ಶುಚಿಯಾದ ಥ್ರಾಟಲ್ ಬಾಡಿ ಇಷ್ಟರಲ್ಲೇ ಕಳೆದುಹೋದ ಪಿಕಪ್ ಮರಳುತ್ತದೆ.

ಒಳಗೆ ಕೂತವರ ಕೈ ತಾಗುವುದು ಸ್ಟೀರಿಂಗ್‌ಗೆ, ಗೇರ್ ನಾಬಿಗೆ, ಸೀಟಿಗೆ. ಹಾಗಾಗಿ ಒಳಗಿನ ದುಡ್ಡು ಅಲ್ಲಿಗೇ ಹೋಗಬೇಕು. ಜೆ.ಸಿ. ರಸ್ತೆಯ ಸುತ್ತಮುತ್ತ ಸೀಟಿನ ಕುಶಲಕರ್ಮಿಗಳಿದ್ದಾರೆ. ಸಿದ್ಧ ಕವರ್ ಎಳೆದು ಹಾಕಿಸುವ ಬದಲು ಅವರಿಂದ ಕುಸಿದ ಫೋಮ್ ತುಂಬಿಸಿ, ಗಾಡಿಯ ಮೂಲ ಬಣ್ಣಕ್ಕೆ ಹತ್ತಿರದ ಒಂದೇ ಬಣ್ಣದ ಬಟ್ಟೆ ಹೊದಿಸಿಕೊಂಡರೆ ಬೆನ್ನಿಗೂ ಹಿತ, ಕಣ್ಣಿಗೂ ಹಿತ. ಕೆಂಪು ದಾರದ ಚಿತ್ತಾರ, ಮೂರು ಬಣ್ಣದ ತೇಪೆ ಬೇಡ ಎನ್ನುವುದು ನನ್ನ ರುಚಿ. ಆದರೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇರುವ ಗಾಡಿಯಲ್ಲಿ ಆ ಜಾಗವನ್ನು ಮುಚ್ಚುವ ಕವರ್ ಹಾಕಬಾರದು ಎನ್ನುವುದು ರುಚಿಯ ಮಾತಲ್ಲ, ಅದು ಜೀವದ ಪ್ರಶ್ನೆ. ಮ್ಯೂಸಿಕ್ ಸಿಸ್ಟಮ್ ಹಾಕಿಸುವಾಗ ಡಬ್ಬದ ದರ್ಜೆ ಸ್ವಲ್ಪ ಇಳಿಸಿ, ಮುಂದಿನ ಬಾಗಿಲಿನ ಎರಡು ಸ್ಪೀಕರ್‌ಗಳ ದರ್ಜೆ ಏರಿಸಿ, ಬಾಗಿಲ ತಗಡಿನ ಒಳಮೈಗೆ ಡ್ಯಾಂಪಿಂಗ್ ಹಾಳೆ ಅಂಟಿಸಿ. ಹಾಡು ಸ್ಪಷ್ಟವಾಗುವುದಲ್ಲದೆ ಬಾಗಿಲು ಮುಚ್ಚುವ ಸದ್ದೂ ದೊಡ್ಡ ಗಾಡಿಯದರಂತೆ ಗಟ್ಟಿಯಾಗುತ್ತದೆ.

ಏನೇ ಹಾಕಿಸಿದರೂ ‘ವೈರ್ ಕಟ್ ಮಾಡ್ತೀರಾ?’ ಎಂದು ಮೊದಲೇ ಕೇಳಿ. ಹೌದು ಎಂದರೆ ಬೇರೆ ಅಂಗಡಿ ನೋಡಿ. ಕತ್ತರಿಸಿ ಟೇಪ್ ಸುತ್ತಿದ ಜೋಡಣೆ ಬಿಸಿಲಿನಲ್ಲಿ ಬಿಚ್ಚಿಕೊಳ್ಳುತ್ತದೆ. ರಸ್ತೆ ಮಧ್ಯೆ ಹೊತ್ತಿ ಉರಿಯುವ ಕಾರುಗಳ ಹಿಂದೆ ಇಂಥ ಫ್ಯೂಸ್ ಇಲ್ಲದ ತಂತಿಯೂ ಒಂದು ಕಾರಣ. ಕಪ್ಲರಿಗೆ ಕಪ್ಲರ್ ಸೇರಿಸುವ ಸೆಟ್‌ಗಳು ಬಹುತೇಕ ಗಾಡಿಗಳಿಗೆ ಸಿಗುತ್ತವೆ, ಕೆಲವು ನೂರು ರೂಪಾಯಿ ಹೆಚ್ಚಾಗಬಹುದು. ಇನ್ಶೂರೆನ್ಸ್ ನವೀಕರಿಸುವಾಗ ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಅಲಾಯ್‌ಗಳನ್ನು ಪಾಲಿಸಿಯಲ್ಲಿ ಬರೆಸಿ. ಎಲೆಕ್ಟ್ರಿಕಲ್ ಸಾಮಾನಿಗೆ ಸಾಮಾನ್ಯವಾಗಿ ಅದರ ಬೆಲೆಯ ಶೇ 4ರಷ್ಟು ಹೆಚ್ಚುವರಿ ಪ್ರೀಮಿಯಂ. ಬರೆಸದಿದ್ದರೆ ಕಳುವಾದ ದಿನ ಅದರ ಲೆಕ್ಕ ಯಾರೂ ಕೇಳುವುದಿಲ್ಲ.

ಕೊನೆಯದಾಗಿ, ಬಿಚ್ಚಿದ ಮೂಲ ಭಾಗಗಳನ್ನು ಒರೆಸಿ, ಹಾಳೆಯಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಅಟ್ಟದಲ್ಲಿಡಿ. ಅದರ ಪಕ್ಕದಲ್ಲೇ ಒಂದು ಫೈಲಿನಲ್ಲಿ ಎಲ್ಲ ಬಿಲ್, ವಾರಂಟಿ ಕಾರ್ಡ್, ಪಾರ್ಟ್ ನಂಬರ್ ಚೀಟಿಗಳಿರಲಿ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. 2022ರ ಏಪ್ರಿಲ್‌ನಲ್ಲಿ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಇನ್ಸ್‌ಪೆಕ್ಟರ್ ಯಾವುದಾದರೂ ಒಂದಕ್ಕೆ ಬೆರಳು ತೋರಿಸಿದರೆ ಹಳೆಯದನ್ನು ಮರಳಿ ಹಾಕಿಕೊಂಡು ಬರಲು ಮನೆಯಲ್ಲೇ ಸಾಮಾನು ಇರುತ್ತದೆ. ಮಾರುವ ದಿನ ಬಂದರೆ ಆ ಫೈಲನ್ನು ಕೀ ಜೊತೆಗೆ ಕೊಡಿ. ಕೊಳ್ಳಲು ಬಂದವರು ಮೊದಲು ಬಿಲ್‌ಗಳನ್ನು ಓದುತ್ತಾರೆ, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ.